ಹಂಡೆ ಕಾದ ಮೂಡ್ಲ

"ಮಕ್ಕಳು ಹಂಡೆ ಕತೆ ಕೇಳ್ತಾವೆ. ನೀವೇ ಹೇಳಿ. ಅವಸರ ಮಾಡ್ಬೇಡಿ."

ನನ್ನ ಹೆಂಡತಿ ನನ್ನ ಹತ್ತಿರ ಆಡಿದ ಕೊನೇ ಮಾತು ಅದು.

ಕತೆ ಅವಳದು. ಅವಳು ಹೇಳೋಳು, ನಾನು ಗೋಡೆಗೊರಗಿ ಕೇಳೋನು. ಈಗ ನಾನು ಹೇಳ್ತೀನಿ. ಅವಸರ ಏನೂ ಇಲ್ಲ.

ಒಂದೂರು. ಆ ಊರಲ್ಲಿ ಕೆಂಚವ್ವ ಅಂತ ಒಬ್ಬಳು. ಗಂಡ ತೀರಿಕೊಂಡಿದ್ದ. ಒಬ್ಬ ಮಗ, ಒಬ್ಬಳು ಮಗಳು. ಮಗ ಮೂಡ್ಲ, ಮಗಳು ಲಕ್ಕಿ. ಲಕ್ಕಿ ಚುರುಕು. ಮೂಡ್ಲ ಪೆದ್ದ.

ಪೆದ್ದ ಅಂದರೆ ಕೆಟ್ಟವನಲ್ಲ. ಸೋಮಾರಿಯೂ ಅಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ರೋಗ. "ಬಾಗಿಲು ನೋಡ್ಕೋ" ಅಂದರೆ ಬಾಗಿಲನ್ನೇ ನೋಡ್ತಾ ನಿಲ್ಲೋನು. ಹಿತ್ತಲಿಂದ ನಾಯಿ ನುಗ್ಗಿ ರೊಟ್ಟಿ ತಿಂದರೂ ಆ ಕಡೆ ತಿರುಗ್ತಿರಲಿಲ್ಲ.

"ಅಯ್ಯೋ ನನ್ನ ಕರ್ಮವೇ!" ಅನ್ನೋಳು ಕೆಂಚವ್ವ. ದಿನಾ ಅನ್ನೋಳು.

ಲಕ್ಕಿಗೆ ಒಂದು ಸಂಬಂಧ ಬಂತು. ಹೊಳೆಯಾಚೆ ಊರು. ಹುಡುಗ ಒಳ್ಳೆಯವನು. ಲಕ್ಕಿಗೂ ಮನಸ್ಸಿತ್ತು. ಹುಡುಗನ ತಾಯಿ ದೊಡ್ಡೀರಮ್ಮ. ಗಟ್ಟಿ ಹೆಂಗಸು. ಜಗಲಿ ಮೇಲೆ ಕೂತು ಹೇಳಿದಳು:

"ನೋಡಮ್ಮ ಕೆಂಚವ್ವ, ನಮ್ಮದು ತುಂಬಿದ ಮನೆ. ಬೆಳಗ್ಗೆ ಎಲ್ಲರಿಗೂ ಬಿಸಿನೀರು ಬೇಕು. ನಮ್ಮನೇಲಿರೋದು ಮಣ್ಣಿನ ಗುಡಾಣ. ಅದರಲ್ಲಿ ನೀರು ಕಾಯೋ ಹೊತ್ತಿಗೆ ಹೊತ್ತು ನೆತ್ತಿಗೆ ಬರುತ್ತೆ. ತಾಮ್ರ ಆದರೆ ಬೇಗ ಕಾಯುತ್ತೆ. ಚಿನ್ನ ಬೇಡ, ಬೆಳ್ಳಿ ಬೇಡ. ಒಂದು ದೊಡ್ಡ ತಾಮ್ರದ ಹಂಡೆ ತರಲಿ ನಿನ್ನ ಮಗಳು. ಹಂಡೆ ಬಂದರೆ ಹೆಣ್ಣು. ಹಂಡೆ ಇಲ್ಲದಿದ್ರೆ ಇಲ್ಲ."

ಕೆಂಚವ್ವನ ಮನೇಲಿ ಒಂದು ಹಂಡೆ ಇತ್ತು. ಅವಳ ತವರಿಂದ ಬಂದದ್ದು. ಒಂದೇ ಒಂದು. ಇನ್ನೊಂದು ತರೋ ಶಕ್ತಿ ಅವಳಿಗಿಲ್ಲ. ಆ ಹಂಡೆಗೆ ಏನಾದ್ರೂ ಆದರೆ ಲಕ್ಕಿ ಮದುವೆ ಮುರಿದ ಹಾಗೇ.

ಹಂಡೆ ಹೊಗೆ ಕುಡಿದು ಕಪ್ಪಗಿತ್ತು. ಕೆಂಚವ್ವ ಕಳೆ ಕೀಳೋಕೆ ಹೊಲಕ್ಕೆ ಹೊರಟಳು.

"ಮೂಡ್ಲಾ, ನಾನು ಬರೋ ಹೊತ್ತಿಗೆ ಹಂಡೆ ತಿಕ್ಕಿಡು!"

"ಆಗ್ಲಿ ಕಣವ್ವ!"

ಮೂಡ್ಲ ತಿಕ್ಕಿದ. ಅಂಗೈಲಿ ತಿಕ್ಕಿದ. ಬಲಗೈ ಸೋತಿತು, ಎಡಗೈಲಿ ತಿಕ್ಕಿದ. ಸಂಜೆಗೆ ಅವ್ವ ಬಂದಳು. ಹಂಡೆ ಹಾಗೇ ಕಪ್ಪು. ಮೂಡ್ಲನ ಕೈಯೂ ಕಪ್ಪು, ಮೂತಿಯೂ ಕಪ್ಪು.

"ಏನೋ ಇದು!"

"ತಿಕ್ಕಿದೆ ಕಣವ್ವ. ಬೆಳಗಿನಿಂದ ತಿಕ್ಕಿದೆ."

"ಬರೀ ಕೈಲಿ ತಿಕ್ಕಿದರೆ ತಾಮ್ರ ಹೊಳೆಯುತ್ತೇನೋ! ಹುಣಿಸೆಹಣ್ಣು, ಉಪ್ಪು ಹಚ್ಚಬೇಕು! ಹುಳಿ ಬಿದ್ದರೆ ತಾಮ್ರದ ಕಪ್ಪು ಬಿಡುತ್ತೆ. ಕೆಂಪಗೆ ಆಗೋ ತನಕ ತಿಕ್ಕಬೇಕು. ಕೆಂಪಗಾಗದೆ ಬಿಡಬಾರದು! ತಿಳೀತಾ?"

"ತಿಳೀತು ಕಣವ್ವ. ಮುಂದ್ಲ ಸಲ ಹಂಗೇ ಮಾಡ್ತೀನಿ."

ಕೆಂಚವ್ವನೇ ಕೂತು ಹಂಡೆ ತಿಕ್ಕಿದಳು. ಹುಣಿಸೆಹಣ್ಣು ಬಿದ್ದದ್ದೇ ತಡ, ಕಪ್ಪು ಹೋಗಿ ಹಂಡೆ ಕೆಂಡದ ಹಾಗೆ ಕಂಡಿತು. ಮಕ್ಕಳೇ, ತಾಮ್ರದ ಮೈಬಣ್ಣ ಅದು. ಕೆಂಪು.

ಬೀಗರು ಮದುವೆ ದಿನ ಗೊತ್ತು ಮಾಡೋಕೆ ಬರೋದಿತ್ತು. ದೋಸೆ ಹುಯ್ಯೋಣ ಅಂತ ಕೆಂಚವ್ವ ಹಿಟ್ಟು ರುಬ್ಬಿಟ್ಟಳು.

"ಮೂಡ್ಲಾ, ಅಟ್ಟದ ಮೇಲೆ ಕಾವಲಿ ಇದೆ. ಇಳಿಸಿ ತೊಳೆದಿಡು!"

"ಆಗ್ಲಿ ಕಣವ್ವ!"

ದೋಸೆ ಕಾವಲಿ ಕಬ್ಬಿಣದ್ದು. ಎಣ್ಣೆ ಕುಡಿದು ಕುಡಿದು ಕರ್ರಗೆ ನುಣ್ಣಗೆ ಆಗಿತ್ತು. ದೋಸೆ ಹುಯ್ದರೆ ತಾನೇ ಏಳ್ತಿತ್ತು. ಮೂಡ್ಲ ನೋಡಿದ. ಕಪ್ಪಗಿದೆ! ಹುಣಿಸೆಹಣ್ಣು ತಂದ. ಉಪ್ಪು ತಂದ. ತಿಕ್ಕಿದ. ಕರೀ ಎಣ್ಣೆಯ ಪದರೆಲ್ಲ ಎದ್ದು ಹೋಯ್ತು. ಕೆಂಪಗೆ ಮಾತ್ರ ಆಗಲಿಲ್ಲ. ಮತ್ತೆ ನೀರು ಹಾಕಿದ. ಮತ್ತೆ ತಿಕ್ಕಿದ. ಸುಸ್ತಾಗಿ ಒದ್ದೆ ಕಾವಲಿ ತಬ್ಬಿಕೊಂಡೇ ಮಲಗಿದ.

ಬೆಳಗ್ಗೆ ಎದ್ದು ಕುಣಿದ. "ಅವ್ವಾ! ಆಯ್ತು ನೋಡು! ಕೆಂಪಗಾಯ್ತು!"

ಕೆಂಚವ್ವ ನೋಡಿದಳು. ಕಾವಲಿ ತುಂಬ ತುಕ್ಕು.

ಬೀಗರು ಬಂದು ಕೂತರು. ದೋಸೆ ಹುಯ್ದಳು. ಏಳಲಿಲ್ಲ. ಕೆರೆದಳು. ಚೂರು ಬಂತು. ದೊಡ್ಡೀರಮ್ಮ ತಟ್ಟೆ ನೋಡಿದಳು. "ಇದೇನಮ್ಮ, ಯಾರಾದ್ರೂ ಅಗಿದು ಕೊಟ್ಟರಾ?" ಅಂದಳು.

ಕೆಂಚವ್ವ ಒಳಗೆ ಬಂದು ಮಗನ ಕಿವಿ ಹಿಂಡಿದಳು.

"ಅದು ಕಬ್ಬಿಣ ಕಣೋ! ತಾಮ್ರ ಕೆಂಪಗಿದ್ದರೆ ಚೆಂದ, ಕಬ್ಬಿಣ ಕೆಂಪಗಾದರೆ ತುಕ್ಕು! ತುಕ್ಕು ಕಬ್ಬಿಣಾನ ತಿಂದು ಹಾಕುತ್ತೆ! ತೊಳೆದ ಮೇಲೆ ನೀರು ಮುಟ್ಟಿಸಬಾರದು. ಎಣ್ಣೆ ಸವರಿ ಇಡಬೇಕು! ತಿಳೀತಾ?"

"ತಿಳೀತು ಕಣವ್ವ. ಮುಂದ್ಲ ಸಲ ಹಂಗೇ ಮಾಡ್ತೀನಿ."

ಆ ಮುಂದ್ಲ ಸಲ ಬರೋಕೆ ತುಂಬ ಹೊತ್ತು ಆಗಲಿಲ್ಲ. ದೋಸೆ ಚೂರು ದೊಡ್ಡೀರಮ್ಮನ ಗಂಟಲಿಗೆ ಸಿಕ್ಕಿತು. ಕೆಮ್ಮಿದಳು.

ಲಕ್ಕಿ ಕೂಗಿದಳು: "ಅಣ್ಣಾ! ತಾಮ್ರದ ಚೊಂಬು ತೊಳೆದು ತಗೊಂಡು ಬಾ! ಬೇಗ!"

ಮೂಡ್ಲ ಚೊಂಬು ತೊಳೆದ. ಒರೆಸಿದ. ಒಳಗೂ ಹೊರಗೂ ಹರಳೆಣ್ಣೆ ಸವರಿದ. ಓಡಿ ಬಂದು ಕೈಗೆ ಕೊಟ್ಟ. ದೊಡ್ಡೀರಮ್ಮ ಕಣ್ಣು ಮುಚ್ಚಿ ಬಾಯಿಗೆ ಎತ್ತಿದಳು. ಒಂದು ತೊಟ್ಟು ಹರಳೆಣ್ಣೆ ನಾಲಿಗೆ ಮೇಲೆ ಬಿತ್ತು. ಚೊಂಬು ಕೈಜಾರಿ ಕಾಲ ಮೇಲೆ ಬಿತ್ತು.

"ಅಯ್ಯಯ್ಯೋ! ಯಾವ ಸೀಮೆ ಜನಾನಮ್ಮ ನೀವು! ಗಂಟಲು ಕಟ್ಟಿದರೆ ಹರಳೆಣ್ಣೆ ಕೊಡ್ತೀರಾ!"

"ನೀರು ಮುಟ್ಟಿಸಬಾರದು ಅಂದ್ಲು ನಮ್ಮವ್ವ," ಅಂದ ಮೂಡ್ಲ.

ಲಕ್ಕಿ ಒಳಗೆ ಓಡಿ ನೀರು ತಂದಳು. ಬೀಗಿತ್ತಿ ಕುಡಿದಳು. ಲಕ್ಕಿಯ ಮುಖ ನೋಡಿದಳು. ಹುಡುಗಿ ಕಣ್ಣಲ್ಲಿ ನೀರು. "ಇರ್ಲಿ ಬಿಡು," ಅಂದಳು. "ನಾನು ಕೇಳಿದ್ದು ಹಂಡೆ. ಹಂಡೆ ನೆಟ್ಟಗೆ ಬಂದ್ರೆ ಸಾಕು." ಮದುವೆ ದಿನ ಗೊತ್ತಾಯ್ತು.

ಅವರು ಹೋದ ಮೇಲೆ ಕೆಂಚವ್ವ ಶುರು ಮಾಡಿದಳು.

"ತಾಮ್ರಕ್ಕೆ ನೀರು ಆಗಿಬರುತ್ತೆ ಕಣೋ ಮಂಕೇ! ಕಬ್ಬಿಣದ ಹಂಗೆ ತುಕ್ಕು ಹಿಡಿಯಲ್ಲ! ದೊಡ್ಡೋರು ರಾತ್ರಿ ತಾಮ್ರದಲ್ಲಿ ತುಂಬಿಟ್ಟು ಬೆಳಗ್ಗೆ ಎದ್ದು ಕುಡೀತಾರೆ. ಕುಡಿಯೋದನ್ನ ತಾಮ್ರದಲ್ಲೇ ಇಡಬೇಕು! ತಿಳೀತಾ?"

"ತಿಳೀತು ಕಣವ್ವ. ಮುಂದ್ಲ ಸಲ ಹಂಗೇ ಮಾಡ್ತೀನಿ."

ಮದುವೆ ಹತ್ತಿರ ಬಂತು. ಚಪ್ಪರ ಹಾಕೋಕೆ ಊರವರು ಬರ್ತೀವಿ ಅಂದರು. ಬಿಸಿಲು. ಅವರಿಗೆ ಮಜ್ಜಿಗೆ ಕೊಡಬೇಕು. ಕೆಂಚವ್ವ ಹಿಂದಿನ ಸಂಜೆಯೇ ಮನೆಮನೆ ತಿರುಗಿ ಮಜ್ಜಿಗೆ ಕೂಡಿಸಿದಳು. ಮಣ್ಣಿನ ಮಡಕೇಲಿ ತುಂಬಿದಳು.

"ಮೂಡ್ಲಾ, ಇದು ನಾಳೆ ಎಲ್ಲರಿಗೂ ಕುಡಿಯೋಕೆ. ಜೋಪಾನವಾಗಿಡು!"

ಕುಡಿಯೋಕೆ! ಮೂಡ್ಲ ಹಂಡೆ ನೋಡಿದ. ಮಡಕೆ ಎತ್ತಿ ಅಷ್ಟೂ ಮಜ್ಜಿಗೇನ ತಾಮ್ರದ ಹಂಡೆಗೆ ಸುರಿದ. ಮುಚ್ಚಿಟ್ಟ. ಮಲಗಿದ.

ಬೆಳಗ್ಗೆ ಚಪ್ಪರದವರು ಬಂದರು. ಕಂಬ ನೆಟ್ಟರು. ಬೆವರಿದರು. ಮೂಡ್ಲ ಲೋಟ ಲೋಟ ತುಂಬಿ ತಂದ.

ಮುದುಕ ಈರಜ್ಜ ಲೋಟದೊಳಗೆ ಇಣುಕಿದ. "ಏನ್ಲಾ ಮೂಡ್ಲಾ, ಮಜ್ಜಿಗೆ ಹಸಿರಿಗೆ ತಿರುಗಿದೆ? ಎಮ್ಮೆ ಹುಲ್ಲು ಜಾಸ್ತಿ ತಿಂದಿತ್ತಾ?"

ಇನ್ನೊಬ್ಬ ನಾಲಿಗೆಗೆ ತಾಗಿಸಿ ಥೂ ಅಂತ ಉಗಿದ. "ಕಿಲುಬು! ಯಾರೂ ಕುಡೀಬೇಡ್ರಪ್ಪೋ!"

ಕೆಂಚವ್ವ ಓಡಿ ಬಂದಳು. ಎಲ್ಲರ ಕೈಯಿಂದಲೂ ಲೋಟ ಕಿತ್ತುಕೊಂಡಳು. ಅಷ್ಟೂ ಮಜ್ಜಿಗೆ ತಿಪ್ಪೆಗೆ ಚೆಲ್ಲಿದಳು. ಆಮೇಲೆ ಮಗನ ಹತ್ತಿರ ಬಂದಳು.

"ಊರನ್ನೇ ಮಲಗಿಸ್ತಿದ್ದೆಯಲ್ಲೋ! ತಾಮ್ರದಲ್ಲಿ ಹುಳಿ ಇಡ್ತಾರೇನೋ! ಹುಳಿ ನಿಂತರೆ ಕಿಲುಬು ಏಳುತ್ತೆ. ಕಿಲುಬು ವಿಷ ಕಣೋ!"

ಮೂಡ್ಲ ತಲೆ ಕೆರೆದ. "ಹುಣಿಸೆಹಣ್ಣು ಹುಳಿ ಅಲ್ವಾ ಅವ್ವ? ಅದನ್ನ ಹಚ್ಚು ಅಂದಿದ್ದೆ."

ಕೆಂಚವ್ವ ಹಣೆ ಚಚ್ಚಿಕೊಂಡಳು.

"ಅದು ಹಚ್ಚಿ ತೊಳೆಯೋದು! ಇದು ಇಟ್ಟು ಕುಡಿಯೋದು! ತಾಮ್ರದೊಳಗೆ ಹುಳಿ ಇಡಬೇಕು ಅಂದರೆ ಮೊದಲು ಕಲಾಯಿ ಹಾಕಿಸಬೇಕು. ಒಳಗೆಲ್ಲ ತವರ ಬಳಿದು ಬೆಳ್ಳಗೆ ಮಾಡಿ ಕೊಡ್ತಾರೆ. ಕಲಾಯಿ ಇಲ್ಲದ್ದರಲ್ಲಿ ಹುಳಿ ಹಾಕಬಾರದು, ತಿನ್ನಬಾರದು! ತಿಳೀತಾ?"

"ತಿಳೀತು ಕಣವ್ವ. ಮುಂದ್ಲ ಸಲ ಹಂಗೇ ಮಾಡ್ತೀನಿ."

ಇಲ್ಲಿಗೆ ಬಂದಾಗ ನನ್ನ ಹೆಂಡತಿ ನಿಲ್ಲಿಸೋಳು. ಮಕ್ಕಳು "ಆಮೇಲೆ?" ಅನ್ನಬೇಕು. ಅಂದರೇನೇ ಮುಂದಕ್ಕೆ. ಅನ್ನಿ.

ಆಮೇಲೆ, ಹಂಡೆ ಮೇಲೆ ಹೆಸರು ಹಾಕಿಸಬೇಕಾಗಿತ್ತು. ಮದುವೆಗೆ ಕೊಡೋ ಪಾತ್ರೆ ಅಂದರೆ ಹೆಸರು ಬೇಕು. ಹತ್ತು ಮನೆ ಪಾತ್ರೆ ಕಲೆತರೂ ಯಾರದು ಯಾವುದು ಅಂತ ಗೊತ್ತಾಗಬೇಕಲ್ಲ. ಮೂಡ್ಲನ ಸೋದರಮಾವನ ಊರಲ್ಲಿ ಕಾಳಾಚಾರಿ ಅಂತ ಪಾತ್ರೆ ಕೆಲಸದವನಿದ್ದ.

"ಮೂಡ್ಲಾ, ಹಂಡೆ ಹೊತ್ಕೊಂಡು ಆಚಾರ್ರ ಹತ್ರ ಹೋಗು. ಲಕ್ಕವ್ವ ಅಂತ ಹಾಕಿಸು. ಮಾವನ ಮನೇಲಿ ಊಟ ಮಾಡು. ಬಾ."

ಮೂಡ್ಲ ಹಂಡೆ ತಲೆ ಮೇಲೆ ಬೋರಲು ಹಾಕಿಕೊಂಡು ಹೋದ. ದಾರಿ ಕಾಣಲಿಲ್ಲ. ಕಾಲ ಕೆಳಗಿನ ನೆಲ ನೋಡ್ಕೊಂಡೇ ಹೋದ. ಎದುರು ಸಿಕ್ಕ ದನ ಎಲ್ಲ ಹಂಡೆಗೆ ಕಾಲು ಬಂತು ಅಂತ ಬೆದರಿ ಓಡಿದವು.

ಕಾಳಾಚಾರಿ ಸಣ್ಣ ಉಳಿ ಇಟ್ಟು ಟಿಕ್ ಟಿಕ್ ಅಂತ ಚುಕ್ಕೆ ಚುಕ್ಕೆಯಾಗಿ ಹೆಸರು ಹೊಡೆದ.

"ನೋವಾಗಲ್ವಾ ಆಚಾರ್ರೇ ಅದಕ್ಕೆ?" ಅಂದ ಮೂಡ್ಲ.

"ತಾಮ್ರ ಮೆತ್ತಗಿನ ಜೀವ ಕಣಪ್ಪ. ಬಡಿದರೆ ತಗಡಾಗುತ್ತೆ, ಎಳೆದರೆ ತಂತಿಯಾಗುತ್ತೆ. ಎಲ್ಲರ ಜೊತೆಗೂ ಸೇರುತ್ತೆ. ತವರ ಸೇರಿಸಿ ಕರಗಿಸಿದರೆ ಕಂಚು. ಸತು ಸೇರಿಸಿದರೆ ಹಿತ್ತಾಳೆ. ನಿಮ್ಮೂರ ಗುಡಿ ಗಂಟೆ ಇದೆಯಲ್ಲ, ಅದರೊಳಗೂ ಇದೇ ಇರೋದು."

ಹೆಸರು ನೆಟ್ಟಗೆ ಬಂತು. ಲಕ್ಕವ್ವ. ಅಲ್ಲೀತನಕ ಮೂಡ್ಲ ಎಲ್ಲ ಸರಿಯಾಗೇ ಮಾಡಿದ.

ಮಾವನ ಮನೆಗೆ ಹೋದ. ಹಂಡೆ ಜಗಲಿ ಮೇಲಿಟ್ಟ. ಅತ್ತೆ ಮುತ್ತುಗದ ಎಲೆ ಹಾಕಿ ಮುದ್ದೆ ಬಡಿಸಿದಳು. ಮೇಲೆ ಹುಳಿಸಾರು ಬಿಟ್ಟಳು.

ಮೂಡ್ಲ ಎಲೆ ನೋಡಿದ. ತಿರುಗಿಸಿ ನೋಡಿದ.

"ಅತ್ತೆ, ಈ ಎಲೆಗೆ ಕಲಾಯಿ ಹಾಕಿಸಿದ್ದೀರಾ?"

"ಏನಂದೆ?"

"ಕಲಾಯಿ ಇಲ್ಲದ್ದರಲ್ಲಿ ಹುಳಿ ತಿನ್ನಬಾರದು ಅಂದವ್ಳೆ ನಮ್ಮವ್ವ. ವಿಷ ಅಂತೆ. ಇರಿ, ಹಾಕಿಸ್ಕೊಂಡು ಬರ್ತೀನಿ!"

ಮುದ್ದೆ ಸಾರು ನೆಲಕ್ಕೆ ಬಗ್ಗಿಸಿದ. ಎಲೆ ಎತ್ತಿಕೊಂಡು ಓಡಿದ. ಊರಾಚೆ ಹೊಂಗೆ ಮರದ ಕೆಳಗೆ ಕಲಾಯಿ ದಸ್ತಗೀರಣ್ಣ ಗಾಳಿ ಊದೋ ತಿದಿ ಒತ್ತುತ್ತಾ ಕೂತಿದ್ದ. ಒಂದು ದಬರಿಯನ್ನ ಕೆಂಡದ ಮೇಲೆ ಕಾಯಿಸಿದ. ನವಸಾಗರದ ಪುಡಿ ಉದುರಿಸಿದ. ಹೊಗೆ ಎದ್ದಿತು. ತವರದ ಕಡ್ಡಿ ತಾಗಿಸಿ ಅರಳೆಯಿಂದ ಬಳಿದ. ಒಳಗೆಲ್ಲ ಬೆಳ್ಳಿ ಬೆಳ್ಳಿ!

"ದಸ್ತಗೀರಣ್ಣಾ, ಇದಕ್ಕೂ ಹಾಕು!"

ದಸ್ತಗೀರಣ್ಣ ಎಲೆ ನೋಡಿದ. ಮೂಡ್ಲನ ಮುಖ ನೋಡಿದ. "ಇದಕ್ಕಾ?"

"ಹೂಂ. ಎರಡೂ ಕಡೆ ಹಾಕು."

"ನೋಡಪ್ಪಾ, ಕಲಾಯಿ ಹಿಡೀಬೇಕು ಅಂದರೆ ಮೊದಲು ಕೆಂಡದ ಮೇಲೆ ಕಾಯಬೇಕು. ಇಡಲಾ?"

"ಇಡು!"

ಇಟ್ಟ. ಭಗ್ ಅಂತು. ಮೂಡ್ಲ ಕೈಯೊಡ್ಡಿದ. ದಸ್ತಗೀರಣ್ಣ ಅಂಗೈ ಮೇಲೆ ಒಂದು ಚಿಟಿಕೆ ಬೂದಿ ಹಾಕಿದ. "ತಗೋ. ಎರಡೂ ಕಡೆ ಆಯ್ತು."

ಮೂಡ್ಲ ಬೂದಿ ಹಿಡ್ಕೊಂಡು ಮಾವನ ಮನೆಗೆ ಬಂದ. ಜಗಲಿ ನೋಡಿದ. ಹಂಡೆ ಇಲ್ಲ.

ಅತ್ತೆ ಮಾವ ಇಬ್ಬರೂ ನೆಲ ಒರೆಸ್ತಾ ಒಳಗಿದ್ದರು. ಯಾರೂ ನೋಡಿರಲಿಲ್ಲ. ಬೀದೀಲಿ ಹಳೇ ಪಾತ್ರೆ ಕೊಳ್ಳೋ ಸೈಕಲ್ಲಿನವನ ಕೂಗು ಕೇಳಿತ್ತು ಅಷ್ಟೇ.

ಮೂಡ್ಲ ಮನೆಗೆ ಓಡಿದ. "ಅವ್ವಾ, ಎಲೆಗೆ ಕಲಾಯಿ ಹಿಡೀಲಿಲ್ಲ. ಹಂಡೆ ಎಲ್ಲೋ ಹೋಯ್ತು! ಹಳೇ ಪಾತ್ರೆ ಸೈಕಲ್ಲಿನವನು ಆ ಬೀದೀಲಿ ಬಂದಿದ್ನಂತೆ!"

ಲಕ್ಕಿ ಅಳೋಕೆ ಶುರು ಮಾಡಿದಳು. ಕೆಂಚವ್ವ ಬೈಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ಗದ್ದೆ ಬದು ಹಿಡಿದು ಓಡಿದಳು. ಸಂತೆ ರಸ್ತೆ ಮೂಲೇಲಿ ಸೈಕಲ್ಲಿನವನು ಸಿಕ್ಕ. ಹಂಡೆ ಮಗ್ಗುಲಾಗಿ ಮಲಗಿತ್ತು. ಅವನು ಸುತ್ತಿಗೆ ಎತ್ತಿದ್ದ.

"ನಿಲ್ಸೋ!"

"ಹಳೇ ಹಂಡೆ ಕಣಮ್ಮ. ಬೀದೀಲಿ ಬಿದ್ದಿತ್ತು. ಚಪ್ಪಟೆ ಮಾಡಿ ಮೂಟೆ ಕಟ್ತೀನಿ. ಕರಗಿಸಿ ತಂತಿ ಎಳೀತಾರೆ. ನಿಮ್ಮನೆ ದೀಪಕ್ಕೆ ಕರೆಂಟು ಬರೋದು ತಾಮ್ರದ ತಂತೀಲೇ, ಗೊತ್ತಾ?"

"ನಮ್ಮನೆ ದೀಪ ಇದೇ ಹಂಡೆ ಕಣೋ!" ಅಂದಳು ಕೆಂಚವ್ವ. "ಬೀದೀಲಿ ಬಿದ್ದಿತ್ತಾ? ಓದು! ಏನು ಬರೆದಿದೆ ಓದು!"

ಅವನು ಓದಲಿಲ್ಲ. ಸುತ್ತ ಜನ ಸೇರಿದರು. ಅವರು ಓದಿದರು. ಲಕ್ಕವ್ವ. ಹೊಸ ಚುಕ್ಕೆ, ಇನ್ನೂ ಫಳಫಳ ಅಂತಿತ್ತು. ಸೈಕಲ್ಲಿನವನು ಹಂಡೆ ಬಿಟ್ಟು ಸೈಕಲ್ ಹತ್ತಿದ.

ಕೆಂಚವ್ವ ಹಂಡೆ ಹೊತ್ತು ಮನೆಗೆ ಬಂದಳು. ಇಳಿಸಿದಳು. ಮಗನನ್ನ ಎದುರಿಗೆ ಕೂರಿಸಿಕೊಂಡಳು. ಈ ಸಲ ಕೂಗಲಿಲ್ಲ.

"ಮಗಾ, ಇದು ನಿನ್ನ ತಂಗಿ ಬಾಳು. ಕೇಳು. ಇನ್ನು ಹಂಡೆ ಬಿಟ್ಟು ಒಂದು ಗೇಣು ಅಲ್ಲಾಡಬೇಡ. ಹಂಡೆ ಎಲ್ಲೋ ನೀನೂ ಅಲ್ಲೇ. ದೊಡ್ಡೀರಮ್ಮ ತನ್ನ ಕೈಯಾರೆ ನೀರು ಹುಯ್ದು ಒಲೆ ಹಚ್ಚೋ ತನಕ ಬಿಡಬೇಡ. ತಿಳೀತಾ?"

"ತಿಳೀತು ಕಣವ್ವ. ಹಂಗೇ ಮಾಡ್ತೀನಿ."

ಮದುವೆ ಆಯ್ತು. ಮೂಡ್ಲ ಹಂಡೆ ಪಕ್ಕ ಕೂತೇ ಧಾರೆ ನೋಡಿದ. ಹಂಡೆ ಪಕ್ಕ ಕೂತೇ ಉಂಡ. ಗಾಡೀಲಿ ಹೆಣ್ಣು ಗಂಡು ಮುಂದೆ, ಹಂಡೆ ಮೂಡ್ಲ ಹಿಂದೆ. ಹೊಳೆ ದಾಟಿದರು. ಸಂಜೆ ಬೀಗರ ಮನೆಯವರು ಹಂಡೆ ಎತ್ತಿ ಬಚ್ಚಲ ಒಲೆ ಮೇಲೆ ಕೂರಿಸಿದರು. ಸುತ್ತ ಮಣ್ಣು ಮೆತ್ತಿದರು. ಎಲ್ಲರೂ ಮಲಗೋಕೆ ಹೋದರು. ಹೆಣ್ಣಿನ ಅಣ್ಣ ಜಗಲಿ ಮೇಲೆ ಮಲಗಿದ್ದಾನೆ ಅಂದುಕೊಂಡರು.

ಮೂಡ್ಲ ಬಚ್ಚಲಲ್ಲಿದ್ದ. ಕಾಲು ಚಾಚೋಕೆ ಜಾಗ ಇಲ್ಲ. ಹಂಡೆ ಬಿಡೋ ಹಾಗಿಲ್ಲ. ಹಂಡೆ ಎಲ್ಲೋ ನೀನೂ ಅಲ್ಲೇ! ಹಂಡೆಯೊಳಕ್ಕೆ ಇಳಿದ. ಮಂಡಿ ಗಲ್ಲಕ್ಕೆ ಕೊಟ್ಟು ಕೂತ. ತಲೆ ಮೇಲೆ ಮುಚ್ಚಳ ಎಳೆದುಕೊಂಡ. ನಿದ್ದೆ ಹೋದ.

ಬೆಳಗ್ಗೆ ಕೋಳಿ ಕೂಗಿತು. ದೊಡ್ಡೀರಮ್ಮ ಸೊಸೇನ ಕರ್ಕೊಂಡು ಬಚ್ಚಲಿಗೆ ಬಂದಳು. ಒಳಗೆ ಮಬ್ಬು.

"ನೋಡೇ ಲಕ್ಕವ್ವ, ತಾಮ್ರದ ಹಂಡೆಗೆ ಮೊದಲು ನೀರು, ಆಮೇಲೆ ಬೆಂಕಿ. ಬರೀ ಹಂಡೆಗೆ ಉರಿ ಕೊಟ್ಟರೆ ತಳ ಹಾಳಾಗುತ್ತೆ. ತಿಳ್ಕೋ."

ಮುಚ್ಚಳ ಸರಿಸಿ ಒಂದು ಕೊಡ ಹುಯ್ದಳು. ಮೂಡ್ಲನಿಗೆ ಎಚ್ಚರ ಆಯ್ತು. ಗಡಗಡ ನಡುಗಿದ. ಬಾಯಿ ಬಿಡಲಿಲ್ಲ. ನೀರು ಹುಯ್ದಳು, ಇನ್ನು ಒಲೆ ಹಚ್ಚಬೇಕು. ಕಾದ. ಇನ್ನೊಂದು ಕೊಡ ಹುಯ್ದಳು. ಅಷ್ಟಕ್ಕೇ ನೀರು ಅಂಚಿಗೆ ಬಂದು ತುಳುಕಿತು. ಮೂಡ್ಲ ಮೂತಿ ಮೇಲಕ್ಕೆತ್ತಿ ಮೂಗು ಬಾಯಿ ಮಾತ್ರ ನೀರಿನ ಮೇಲಿಟ್ಟ.

ದೊಡ್ಡೀರಮ್ಮ ಕೊಡ ಕೆಳಗಿಟ್ಟಳು.

"ಏನೇ ಇದು! ಎರ‍ಡೇ ಕೊಡಕ್ಕೆ ತುಂಬಿ ಹೋಯ್ತಲ್ಲ! ಹೊರಗೆ ನೋಡಿದರೆ ಹಂಡೆ, ಒಳಗೆ ಚೊಂಬು! ನಿಮ್ಮವ್ವ ನನಗೆ ಟೋಪಿ ಹಾಕಿದಳಾ?"

"ಇಲ್ಲ ಅತ್ತೆ! ನಮ್ಮನೇಲಿ ತುಂಬ ಹಿಡೀತಿತ್ತು ಅತ್ತೆ!" ಅಂದಳು ಲಕ್ಕಿ.

"ದಾರೀಲಿ ಕುಗ್ಗಿತಾ ಹಂಗಾದ್ರೆ? ಇಷ್ಟು ನೀರು ಯಾರ ಕಾಲಿಗೆ ಸಾಲುತ್ತೆ? ಗಾಡಿ ಕಟ್ಟಿಸ್ತೀನಿ ಇರು. ನೀನೂ ನಿನ್ನ ಹಂಡೇನೂ ಹೊಳೆಯಾಚೆಗೇ ಹೋಗಿ! ಅದಕ್ಕೆ ಮುಂಚೆ ಕಾಯೋದಾದ್ರೂ ಬೇಗ ಕಾಯುತ್ತಾ ನೋಡೇ ಬಿಡ್ತೀನಿ!"

ಸಿಟ್ಟಲ್ಲೇ ಬಗ್ಗಿ ಸೌದೆ ಒತ್ತಿದಳು. ಕಡ್ಡಿ ಗೀರಿದಳು. ಒಲೆ ಹತ್ತಿತು.

ಹಂಡೆಯೊಳಗಿಂದ ದನಿ ಬಂತು. "ಒಲೆ ಹತ್ತಿತಾ ಅಮ್ಮೋರೇ?"

"ಹ... ಹತ್ತಿತು," ಅಂದಳು ದೊಡ್ಡೀರಮ್ಮ. ಯಾರಿಗೆ ಹೇಳ್ತಿದ್ದೀನಿ ಅಂತ ಅವಳಿಗೇ ಗೊತ್ತಿರಲಿಲ್ಲ.

ಮೂಡ್ಲ ಎದ್ದು ನಿಂತ. ಮೈಯಿಂದ ನೀರು ಸುರೀತು. ದೊಡ್ಡೀರಮ್ಮ ಹಿಂದಕ್ಕೆ ಬಿದ್ದು ಸೌದೆ ರಾಶಿ ಮೇಲೆ ಕೂತಳು. ಮೂಡ್ಲ ಒಂದೊಂದೇ ಕಾಲು ಎತ್ತಿ ಹೊರಕ್ಕೆ ಬಂದ. ಅಂಚಿಗಿದ್ದ ನೀರು ಇಳಿದು ಇಳಿದು ತಳಕ್ಕೆ ಹೋಯ್ತು.

"ಸರಿ. ಇನ್ನು ಹಂಡೆ ನಿಮ್ದು," ಅಂದ.

ದೊಡ್ಡೀರಮ್ಮ ಎದ್ದು ಹಂಡೆಯೊಳಗೆ ಇಣುಕಿದಳು. ಮೂಡ್ಲನ್ನ ನೋಡಿದಳು. ಮತ್ತೆ ಇಣುಕಿದಳು. ಆಮೇಲೆ ನಗು ಬಂತು. ಹೊಟ್ಟೆ ಹಿಡ್ಕೊಂಡು ನಕ್ಕಳು. "ಹಂಡೆ ಕೇಳಿದ್ದೆ ಕಣೇ ಲಕ್ಕವ್ವ! ಒಳಗೊಬ್ಬ ಆಳು ಹಾಕಿ ಕಳಿಸ್ತಾಳೆ ಅಂತ ನನಗೇನು ಗೊತ್ತು! ತಾ ಇನ್ನೂ ನಾಕು ಕೊಡ, ತುಂಬು! ಗಾಡಿಯೂ ಬೇಡ ಗೀಡಿಯೂ ಬೇಡ!"

ಲಕ್ಕಿ ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಕೊಡ ಎತ್ತಿಕೊಂಡು ಬಾವಿಗೆ ಓಡಿದಳು.

ಮೂಡ್ಲ ಪಂಚೆ ಹಿಂಡಿಕೊಂಡ. ಬಗ್ಗಿ ಒಲೆ ನೋಡಿದ. ಇನ್ನೊಂದು ಸೌದೆ ಒಳಕ್ಕೆ ತಳ್ಳಿದ.

"ಇನ್ನೂ ಸರಿಯಾಗಿ ಕಾದಿಲ್ಲ ಅಮ್ಮೋರೇ," ಅಂದ. "ನಾನು ಒಳಗೇ ಇದ್ದೆನಲ್ಲ. ನನಗೆ ಗೊತ್ತು."

ಅಂದು, ತಮ್ಮೂರಿಗೆ ಹೋಗೋಕೆ ಒದ್ದೆ ಬಟ್ಟೇಲೇ ಹೊಳೆ ಕಡೆ ನಡೆದ.